ಹಿಂದಿನ ಕೋಣೆಯ ಉಸಿರು

ಸೋಮವಾರ, ಅಕ್ಟೋಬರ್ 4, 1993

ಹಿಂದಿನ ಕೋಣೆ ಮುಗಿಯಿತು. ಗೂಡುಗಳ ಹಳೇ ಹೊಟ್ಟು ತೆಗೆದು ಹೊಸದು ಹರವಿ, ನೀರಿನ ಬಾಟಲಿ ತೊಳೆದು, ಬಾರ್ಲಿ ಹಾಕಿ... ಸೊಂಟ ಹಿಡಿದಿದೆ. ಡ್ಯಾಮ್ಸನ್ ಎಂದಿನಂತೆ ಪೊರಕೆಗೆ ಜೋತುಬಿದ್ದ. ಗುಡಿಸಿ ಮುಗಿಸೋವರೆಗೂ ಬಿಡಲಿಲ್ಲ. ಗಂಡು ಇಲಿಗೆ ಇಷ್ಟು ಸೊಕ್ಕು ಇರಬಾರದು.

ಶನಿವಾರದ ಇಲಿ ಪ್ರದರ್ಶನದ ಗುಂಗು ಇನ್ನೂ ಇಳಿದಿಲ್ಲ. ಬಿಲ್ಬೆರಿಗೆ ಎರಡನೇ ಸ್ಥಾನ. ತೀರ್ಪುಗಾರ ಅವಳ ಬೆನ್ನ ಮೇಲೆ ಬೆರಳಾಡಿಸಿ, ಇಂಥ ಹೊಗೆನೀಲಿ ಇಡೀ ಲ್ಯಾಂಕಷೈರಿನಲ್ಲಿ ಇನ್ನೊಂದಿಲ್ಲ ಅಂದ. ಬಾಲ ಸ್ವಲ್ಪ ಗಿಡ್ಡವಂತೆ, ಅದೊಂದೇ ಕೊರತೆ. ಮೊದಲ ಸ್ಥಾನ ಥೆಲ್ಮಾಳ ಕೆನೆಬಣ್ಣದ ಗಂಡಿಗೆ. ಇರಲಿ. ನನಗೆ ಇಲಿ ಸಾಕೋದು ಕಲಿಸಿದವಳೇ ಥೆಲ್ಮಾ. ಅವಳು ಗೆದ್ದರೆ ನನಗೇನು ಹೊಟ್ಟೆಕಿಚ್ಚಿಲ್ಲ.

ಸ್ವಲ್ಪ ಇದೆ.

ವಿಲ್ಫ್ ಕೆಳಗಿಂದ ಊರುಗೋಲಲ್ಲಿ ಸೂರು ಕುಟ್ಟಿದ. ಕೂಗೋಕೆ ಉಸಿರು ಸಾಲದು ಅವನಿಗೆ. ಇಳಿದು ಹೋದರೆ — "ನಿನ್ನ ಸಂಸಾರದ ಊಟ ಆಯ್ತಾ? ಆಗಿದ್ರೆ ಅಣ್ಣ ಅಂತ ಒಬ್ಬ ಇದಾನೆ, ನೆನಪಿದ್ಯಾ?" ಆಲೂಗಡ್ಡೆ ಪೈ ಬಿಸಿ ಮಾಡಿಕೊಟ್ಟೆ. ಅರ್ಧ ತಿಂದ.

ಮೇಲೆ ಗೂಡಿನಲ್ಲಿ ಯಾರೋ ಸೀನಿದರು. ಹೊಸ ಹೊಟ್ಟಿನ ಧೂಳು.

ಗುರುವಾರ, ಅಕ್ಟೋಬರ್ 7

ಸೀನು ನಿಂತಿಲ್ಲ. ಧೂಳಾಗಿದ್ದರೆ ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು. ಹೊಟ್ಟೆಲ್ಲ ತೆಗೆದು ಹಳೇ ಟವೆಲ್ ಹಾಸಿದೆ.

ಡ್ಯಾಮ್ಸನ್ ಮೂಗಿನ ಸುತ್ತ ಕೆಂಪು. ಗೊತ್ತಿಲ್ಲದವರು ನೋಡಿದರೆ ರಕ್ತ ಅಂತಾರೆ. ಮೈ ಸರಿಯಿಲ್ಲದಾಗ ಇಲಿಯ ಕಣ್ಣೀರೇ ಕೆಂಪು. ಒದ್ದೆ ಹತ್ತಿಯಲ್ಲಿ ಒರೆಸಿದೆ. ಸುಮ್ಮನೆ ಒರೆಸಲು ಬಿಟ್ಟ. ಅದೇ ನನಗೆ ಹಿಡಿಸಲಿಲ್ಲ.

ಶುಕ್ರವಾರ, ಅಕ್ಟೋಬರ್ 8

ಬೆಳಿಗ್ಗೆ ಪೊರಕೆ ಹಿಡಿದು ನಿಂತೆ. ಡ್ಯಾಮ್ಸನ್ ಬರಲಿಲ್ಲ. ಮೂಲೆಯಲ್ಲಿ ಉಂಡೆಯಾಗಿ ಕೂತಿದ್ದ, ರೋಮ ನಿಮಿರಿಸಿಕೊಂಡು. ಪಕ್ಕೆ ಒಳಗೆ ಹೊರಗೆ, ಒಳಗೆ ಹೊರಗೆ — ತಿದಿ ಒತ್ತಿದ ಹಾಗೆ.

ಎತ್ತಿ ಕಿವಿಗೆ ಹಿಡಿದೆ. ಥೆಲ್ಮಾ ಕಲಿಸಿದ ಮೊದಲ ಪಾಠ ಅದು: ಇಲಿಯನ್ನ ಕಣ್ಣಲ್ಲಿ ನೋಡಬೇಡ, ಕಿವಿಯಲ್ಲಿ ನೋಡು. ಒಳಗೆ ಗೊರಗೊರ. ಕೊನೆಯಲ್ಲೊಂದು ಸಣ್ಣ ಸಿಳ್ಳು.

ಆ ಸದ್ದು ನನಗೆ ಹೊಸದಲ್ಲ. ಮನೆಯ ಕೆಳಗಿನ ಕೋಣೆಯಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ.

ಸಂಜೆ — ಮಿಸ್ ಗಿಲ್‌ಕ್ರಿಸ್ಟ್ ಹತ್ತಿರ ಹೋಗಿ ಬಂದೆ. ಒಳ್ಳೆ ಹುಡುಗಿ. ಪಶುವೈದ್ಯರಲ್ಲಿ ಇಲಿ ಅಂದರೆ ನಗದವಳು ಇವಳೊಬ್ಬಳೇ. ಅವಳು ಹೇಳಿದ್ದು: ಈ ರೋಗಾಣು ಸಾಕಿದ ಇಲಿಗಳ ಎದೆಯಲ್ಲಿ ಹುಟ್ಟಿದಾಗಿನಿಂದ ಇರುತ್ತದೆ, ತಾಯಿ ನೆಕ್ಕಿದಾಗಲೇ ಬರುತ್ತದೆ. ಸಾಮಾನ್ಯವಾಗಿ ಮಲಗಿರುತ್ತದೆ. ಹೊರಗಿಂದ ಏನೋ ಹೊಸ ಸೋಂಕು ಬಂದು ಅದನ್ನು ಎಬ್ಬಿಸಿದೆ. ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದಿರಾ ಅಂತ ಕೇಳಿದಳು.

ಔಷಧ ಹನಿ ಲೆಕ್ಕ. ಬಾಳೆಹಣ್ಣಲ್ಲಿ ಕಲಸಿ ಕೊಡಬೇಕು. ವಾಸಿಯಾಗುತ್ತಾ ಅಂದೆ. "ಹತೋಟಿಗೆ ಬರಬಹುದು ಮಿಸ್ ಪಿಲ್ಲಿಂಗ್. ವಾಸಿ ಅನ್ನೋ ಮಾತು ನಾನು ಹೇಳಲಾರೆ." ಒಂದು ಇಲಿಯೂ ಮನೆಯಿಂದ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಗಂಡು ಹೆಣ್ಣು ಬೇರೆ ಮಾಡಬೇಕು.

ಈ ತಿಂಗಳು ಬಿಲ್ಬೆರಿಯನ್ನು ಡ್ಯಾಮ್ಸನ್ ಜೊತೆ ಬಿಡೋಣ ಅಂತಿದ್ದೆ. ಬಾಲ ಉದ್ದ ಬರಲಿ ಅಂತ.

ಶನಿವಾರ, ಅಕ್ಟೋಬರ್ 9

ಪ್ರದರ್ಶನಕ್ಕೆ ಬಂದವರಿಗೆಲ್ಲ ಫೋನು ಮಾಡಿದೆ. ಬಹಳ ಕಡೆ ಸೀನು ಶುರುವಾಗಿದೆ. ಆಕ್ರಿಂಗ್ಟನ್ನಿನ ಡಗ್ಲಸ್ ಜ್ವರ ಅಂತ ಅವತ್ತು ಬಂದಿರಲಿಲ್ಲ, ಅವನ ಇಲಿ ಕೊಟ್ಟಿಗೆ ಶುದ್ಧ. ಪುಣ್ಯವಂತ.

ಥೆಲ್ಮಾ ಫೋನು ಎತ್ತಲು ತಡ ಮಾಡಿದಳು. ನಮ್ಮವೆಲ್ಲ ಚೆನ್ನಾಗಿದಾವೆ ಕಣೇ, ಅಂದಳು. ಆಮೇಲೆ ಒಲೆ ಮೇಲೆ ಏನೋ ಇಟ್ಟಿದ್ದೀನಿ ಅಂತ ಇಟ್ಟುಬಿಟ್ಟಳು. ಗಂಟೆಗಟ್ಟಲೆ ಮಾತಾಡೋಳು.

ಬುಧವಾರ, ಅಕ್ಟೋಬರ್ 13

ಡ್ಯಾಮ್ಸನ್ ಹೋದ. ನನ್ನ ಮಡಿಲಲ್ಲೇ. ಬಾಯಿ ತೆರೆದು ಉಸಿರೆಳೆದ. ಇಲಿ ಬಾಯಲ್ಲಿ ಉಸಿರಾಡಿತು ಅಂದರೆ ಮುಗಿಯಿತು ಅಂತ.

ನಮ್ಮ ಅಂಗಳ ಪೂರ್ತಿ ಕಲ್ಲುಹಾಸು. ಶೂ ಡಬ್ಬಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ವಿಲ್ಫ್ ನೋಡಿದ. ಅವನು ರೈಲು ಹಳಿ ಪಕ್ಕದ ಬಾಡಿಗೆ ತೋಟದ ತುಂಡನ್ನು ಇನ್ನೂ ಬಿಟ್ಟುಕೊಟ್ಟಿಲ್ಲ — ಅಗೆಯೋಕೆ ಆಗದಿದ್ದರೂ. ಈರುಳ್ಳಿ ಸಾಲಲ್ಲಿ ಕಾಲಿಡಲು ಇವತ್ತಿನವರೆಗೆ ನನ್ನನ್ನು ಬಿಟ್ಟವನಲ್ಲ.

"ಲೀಕ್ ಸೊಪ್ಪಿನ ಸಾಲಿನ ಆಚೆ ಮಣ್ಣು ಮೆದು ಇದೆ," ಅಂದ. "ಅಲ್ಲಿ ಇಡು."

ಜೊತೆಗೆ ಬಂದ. ಆ ಸಣ್ಣ ಏರು ಹತ್ತೋಕೆ ಮೂರು ಕಡೆ ನಿಂತ. ನಾನು ಅಗೆದೆ, ಅವನು ಊರುಗೋಲಲ್ಲಿ ಜಾಗ ತೋರಿಸಿದ. ಇನ್ನೂ ಆಳ, ಇಲ್ಲದಿದ್ದರೆ ಬೆಕ್ಕು ಕೆದಕುತ್ತೆ, ಅಂದ.

ಭಾನುವಾರ, ಅಕ್ಟೋಬರ್ 17

ಮೆಡ್ಲರ್ ಹೋದಳು. ಅವಳ ಇಬ್ಬರು ಮಕ್ಕಳೂ. ಲೀಕ್ ಸಾಲಿನ ಆಚೆ.

ಬಿಲ್ಬೆರಿಗೂ ಗೊರಗೊರ ಶುರು.

ಮಂಗಳವಾರ, ಅಕ್ಟೋಬರ್ 19

ಬಚ್ಚಲುಮನೆಯಲ್ಲಿ ಕೆಟಲು ಕುದಿಸಿ, ಬಾಗಿಲು ಮುಚ್ಚಿ, ಇಲಿಗಳ ಜೊತೆ ಹಬೆಯಲ್ಲಿ ಕೂತಿದ್ದೆ. ಹಬೆ ತಾಗಿದಷ್ಟು ಹೊತ್ತು ಉಸಿರು ಸಡಿಲ. ಹೊರಗೆ ಬಂದರೆ ಮತ್ತದೇ. ನನ್ನ ಕೂದಲೆಲ್ಲ ತೊಟ್ಟಿಕ್ಕುತ್ತಿತ್ತು.

ಇಳಿದು ಬಂದಾಗ ವಿಲ್ಫ್ ತನ್ನ ಮಿಷನ್ನಿನ ಮುಂದೆ ಕೂತಿದ್ದ. ಮುಖಕ್ಕೆ ಮಾಸ್ಕು, ಗುರ್ರ್ ಅಂತ ಸದ್ದು, ಬಾಯಿ ಸುತ್ತ ಔಷಧದ ಮಂಜು. ದಿನಕ್ಕೆ ನಾಲ್ಕು ಸಲ ಆ ಮಿಷನ್ ಹಾಕಿಕೊಂಡರೆ ಮಾತ್ರ ಅವನ ದಿನ ನಡೆಯೋದು. ದುಡಿದ ಗಿರಣಿಯ ಹತ್ತಿಧೂಳು ಅವನ ಎದೆಯಲ್ಲಿ ಬಿಟ್ಟುಹೋದದ್ದನ್ನ ತೆಗೆಯೋಕೆ ಯಾವ ಡಾಕ್ಟರಿಗೂ ಆಗಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾಸ್ಕು ತೆಗೆದ.

"ಕೊಳಕ್ಕೆ ಬಿದ್ದು ಎದ್ದು ಬಂದ್ಯಾ?"

ಹೇಳಿದೆ. ಸ್ವಲ್ಪ ಹೊತ್ತು ಮಿಷನ್ನನ್ನೇ ನೋಡಿದ.

"ಆ ಬ್ರೆಡ್ ಡಬ್ಬಿ ಇಲ್ಲಿ ತಾ."

ಯಾಕೆ ಅಂದೆ.

"ತಾ ಅಂದ್ರೆ ತಾ. ಆ ನೀಲಿಯವಳನ್ನೂ ತಾ."

ಡಬ್ಬಿಯ ಪಕ್ಕಕ್ಕೆ ಕಾದ ಕಂಬಿಯಲ್ಲಿ ತೂತು ಕೊರೆದ. ತನ್ನ ಹಳೇ ಕೊಳವೆ ಸಿಕ್ಕಿಸಿದ. ಮಿಸ್ ಗಿಲ್‌ಕ್ರಿಸ್ಟ್‌ಗೆ ಫೋನು ಮಾಡಿ ಕೇಳಿದೆ. ಉಪ್ಪುನೀರು ಹಾಕಿ ಸಾಕು, ಅವನ ಔಷಧ ಬೇಡ, ನಾಳೆ ನಾನು ಬೇರೆ ಕೊಡ್ತೀನಿ, ಅಂದಳು. ಬಿಲ್ಬೆರಿ ಡಬ್ಬಿಯೊಳಗೆ ಹೋಗಿ, ಮೊದಲು ಅಂಚೆಲ್ಲ ಮೂಸಿ, ಆಮೇಲೆ ಮಂಜು ಬರುವ ತೂತಿನ ಎದುರಿಗೇ ಕೂತಳು. ಕಣ್ಣು ಅರ್ಧ ಮುಚ್ಚಿ. ಯಾರೂ ಹೇಳಿಕೊಡದೆ.

ವಿಲ್ಫ್ ಬಾಗಿ ನೋಡಿದ. "ನಂಗಿಂತ ಚೆನ್ನಾಗಿ ಎಳ್ಕೋತಾಳೆ," ಅಂದ.

ಗುರುವಾರ, ಅಕ್ಟೋಬರ್ 21

ಈಗ ದಿನಚರಿ ಹೀಗೆ: ವಿಲ್ಫ್, ಬಿಲ್ಬೆರಿ, ಕ್ವಿನ್ಸ್, ಬುಲೆಸ್, ಹಾ (ಅದೂ ಹಣ್ಣಿನ ಹೆಸರೇ, ಎಲ್ಲರಂತೆ), ಹೀಗೆ ಸರದಿ. ಮತ್ತೆ ವಿಲ್ಫ್. ಅವನೇ ಡಬ್ಬಿ ತೊಡೆ ಮೇಲಿಟ್ಟುಕೊಂಡು ರೇಡಿಯೋ ಕೇಳುತ್ತಾ ಕೂರುತ್ತಾನೆ. ಮಂಜು ಹೆಚ್ಚಾದರೆ ಮುಚ್ಚಳ ಸರಿಸುತ್ತಾನೆ. ಇವತ್ತು ಮನೆಗೆ ಬರುವ ನರ್ಸ್ ಅವನ ಬೆರಳಿಗೆ ಆಮ್ಲಜನಕ ಅಳೆಯೋ ಕ್ಲಿಪ್ಪು ಹಾಕೋಕೆ ಬಂದವಳು ಡಬ್ಬಿ ತೆರೆದು ನೋಡಿ ಎರಡು ಹೆಜ್ಜೆ ಹಿಂದೆ ಹೋದಳು. ಇದು ಸರಕಾರದ ಮಿಷನ್ ಮಿಸ್ಟರ್ ಪಿಲ್ಲಿಂಗ್, ರೋಗಿಗಳಿಗೆ ಮಾತ್ರ, ಅಂದಳು.

"ಇವಳು ರೋಗಿ ಅಲ್ಲ ಅಂತ ಯಾರು ನಿಂಗೆ ಹೇಳಿದ್ದು?" ಅಂದ ವಿಲ್ಫ್.

ಹೋಗುವಾಗ ಆ ನರ್ಸ್ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ನಿಮ್ಮಣ್ಣ ಇಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ ಅಂದಳು. ಯಾರಿಗೂ ಹೇಳಲ್ಲ, ಆದರೆ ಕೊಳವೆ ಬೇರೆ ಬೇರೆ ಇರಲಿ, ಅಂತ ಹೊಸದೆರಡು ಕೊಟ್ಟುಹೋದಳು.

ಸಂಜೆ — ಡಗ್ಲಸ್ ಫೋನು. ಬಿಲ್ಬೆರಿಯ ಮರಿ ಆದರೆ ನಂಗೆರಡು ಇಡು, ಆ ನೀಲಿ ಹೋಗಬಾರದು, ಅಂದ. ಇಲ್ಲ ಡಗ್ಲಸ್, ಇನ್ನು ಮರಿ ಮಾಡಿಸಲ್ಲ, ಅಂದೆ. ಹೇಳಿದ ಮೇಲೆ ನನಗೂ ಗೊತ್ತಾಯಿತು, ಅದು ತೀರ್ಮಾನವಾಗಿಬಿಟ್ಟಿದೆ ಅಂತ. ಅಮ್ಮ ಸತ್ತ ವರ್ಷ ಶುರುಮಾಡಿದ ವಂಶ. ಸೋಂಕಿನ ಮರಿಗಳನ್ನ ಊರೆಲ್ಲ ಹಂಚಲೇ?

ಆಮೇಲೆ ಅವನು ಮಾತಿಗೆ ಮಾತು ಬಂದು — ಥೆಲ್ಮಾ ಪಾಪ, ಆಗಸ್ಟಿಂದಲೂ ಇಲಿಗಳಿಗೆ ಔಷಧಿ ಹಾಕ್ತಾನೇ ಇದ್ದಳಲ್ಲ, ಅಂದ.

ಆಗಸ್ಟ್?

ನಿಂಗೆ ಗೊತ್ತಿರಲಿಲ್ವಾ, ಅಂದ.

ಶನಿವಾರ, ಅಕ್ಟೋಬರ್ 23

ಬರ್ನ್ಲಿಗೆ ಹೋಗಿದ್ದೆ. ಮೈ ತೊಳೆದು, ಇಲಿಕೋಣೆಗೆ ತಾಗದ ಕೋಟು ಹಾಕಿಕೊಂಡು. ಥೆಲ್ಮಾ ಬಾಗಿಲು ತೆರೆದಳು. ಒಳಗೆ ಬಾ ಅಂದಳು. ನಾನು ಹೊಸ್ತಿಲ ಆಚೆಯೇ ನಿಂತೆ. ಹಿಂದಿನಿಂದ ಸೀನಿನ ಸದ್ದು ಕೇಳುತ್ತಿತ್ತು. ಇನ್ನು ಕೇಳುವುದೇನಿದೆ?

"ಸೀನು ನಿಂತಿತ್ತು ಹೆಟ್ಟಿ," ಅಂದಳು. "ಪ್ರದರ್ಶನದ ಹಿಂದಿನ ವಾರ ಒಂದೂ ಸೀನಿರ್ಲಿಲ್ಲ. ವಾಸಿ ಆಯ್ತು ಅಂದ್ಕೊಂಡೆ."

"ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಬರ್ತಿರ್ಲಿಲ್ಲ."

"ಹೌದು. ಬರ್ತಿರ್ಲಿಲ್ಲ."

ಅವಳ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಔಷಧದ ಹಳದಿ ಕಲೆ ಬೆರಳ ತುದಿಯಲ್ಲಿ, ನನ್ನ ಬೆರಳಲ್ಲಿರೋ ಹಾಗೇ. ಆ ಕೆನೆಬಣ್ಣದವನಿಗೆ ಒಂದೂವರೆ ವರ್ಷ, ಅಂದಳು. ಮುಂದಿನ ಸಲಕ್ಕೆ ಮುದುಕ ಆಗಿರ್ತಿದ್ದ. ಇದೊಂದೇ ಸಲ ಅವನಿಗೆ ಅವಕಾಶ ಇದ್ದಿದ್ದು.

ಅವನು ಹೇಗಿದ್ದಾನೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ. ಡ್ಯಾಮ್ಸನ್ ಹೆಸರು ಹೇಳಿದೆ, ಮೆಡ್ಲರ್ ಹೆಸರು ಹೇಳಿದೆ, ಸತ್ತ ಒಂದೊಂದರ ಹೆಸರೂ ಹೇಳಿದೆ. ಅವೆಲ್ಲ ಅವಳಿಗೆ ಗೊತ್ತು. ಅರ್ಧದಷ್ಟಕ್ಕೆ ಹೆಸರಿಟ್ಟವಳೇ ಅವಳು. ಇನ್ನು ನಮ್ಮ ಮನೆಗೆ ಫೋನು ಮಾಡಬೇಡ ಅಂದು ಬಂದೆ.

ಬಸ್ಸಲ್ಲಿ ಯಾರೋ ಕೆಮ್ಮಿದರು. ಸಿಡುಕಿ ತಿರುಗಿ ನೋಡಿದೆ. ಪಾಪದ ಮುದುಕ.

ಶನಿವಾರ, ಅಕ್ಟೋಬರ್ 30

ಕ್ವಿನ್ಸ್ ತಲೆ ಒಂದು ಕಡೆಗೆ ವಾಲಿದೆ. ಸೋಂಕು ಕಿವಿಗೂ ಇಳಿದಿದೆ ಅಂತಾಳೆ ಮಿಸ್ ಗಿಲ್‌ಕ್ರಿಸ್ಟ್. ಸುತ್ತು ಸುತ್ತು ನಡೆಯುತ್ತಾಳೆ. ತಿನ್ನುತ್ತಿದ್ದಾಳೆ ಮಾತ್ರ.

ಬಿಲ್ಬೆರಿ ಸ್ವಲ್ಪ ಮೇಲು. ಇವತ್ತು ವಿಲ್ಫ್ ಅಂಗಿತೋಳಿನ ಒಳಗೆ ಹೋಗಿ ಕುತ್ತಿಗೆ ಹತ್ತಿರ ಬಂದು ಅಲ್ಲೇ ನಿದ್ದೆ. ಅವನು ಅಲ್ಲಾಡದೆ ಕೂತಿದ್ದ. ಚಹಾ ಆರಿತು. ತೆಗೆಯಲೇ ಅಂದೆ. ಕಣ್ಣಲ್ಲೇ ಬೇಡ ಅಂದ.

ಶುಕ್ರವಾರ, ನವೆಂಬರ್ 5

ಕಿಟಕಿ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದ್ದೇನೆ. ಆದರೂ ಹೊಗೆ ಬರ್ತಿದೆ. ಇವತ್ತು ವರ್ಷದ ಬೆಂಕಿಹಬ್ಬದ ರಾತ್ರಿ. ಬೀದಿಯ ಕೊನೆಯ ಬಯಲಲ್ಲಿ ಮಧ್ಯಾಹ್ನದಿಂದಲೇ ಬೊಂಬೆ ಸುಡೋಕೆ ಕಟ್ಟಿಗೆ ಒಟ್ಟಿದ್ದರು, ಹಳೇ ಸೋಫಾ, ಟೈರು ಏನೇನೋ. ಕತ್ತಲಾದದ್ದೇ ತಡ ಹಚ್ಚಿದರು. ಗಾಳಿ ನಮ್ಮ ಕಡೆಗೇ. ಪಟಾಕಿ ಸದ್ದಿಗೆ ಇಲಿಗಳು ಮೂಲೆ ಸೇರಿವೆ. ವಿಲ್ಫ್ ಮಾಸ್ಕು ತೆಗೆಯುತ್ತಲೇ ಇಲ್ಲ. ತುಟಿ ಬಣ್ಣ ನೋಡಿದರೆ

ಬುಧವಾರ, ನವೆಂಬರ್ 10

ಮೇಲಿನದು ಮುಗಿಸಲಾಗಲಿಲ್ಲ. ಅಂಬುಲೆನ್ಸ್ ಕರೆದೆ.

ಆಸ್ಪತ್ರೆಯಲ್ಲಿ ಇದ್ದಾನೆ. ಕಷ್ಟದ ದಿನಗಳು ದಾಟಿದವು ಅಂತಾರೆ. ಮಾತಾಡೋ ಹಾಗಿಲ್ಲ, ಆದರೆ ಸ್ಲೇಟು ಕೊಟ್ಟಿದ್ದಾರೆ. ಅದರಲ್ಲಿ ಬರೆದ — ಮಿಷನ್ ಮನೇಲಿ ತಾನೆ? ಹೌದು ಅಂದೆ. ಬರೆದ — ಅವಳಿಗೆ ಹಾಕು. ಇಲ್ಲಿ ಬೇರೆ ಇದೆ.

ಆ ರಾತ್ರಿ ಬುಲೆಸ್ ಹೋಗಿದ್ದ. ಹೇಳಲಿಲ್ಲ ಅವನಿಗೆ. ನಾನೊಬ್ಬಳೇ ಹೋಗಿ ಹೂತು ಬಂದೆ. ಆಳವಾಗೇ ಅಗೆದೆ.

ಸೋಮವಾರ, ನವೆಂಬರ್ 15

ದೊಡ್ಡ ಡಾಕ್ಟರು ಮಾತಾಡಬೇಕು ಅಂತ ಕರೆದರು. ಗುರುವಾರ ಮನೆಗೆ ಕಳಿಸ್ತಾರೆ. ಇನ್ನು ಮುಂದೆ ಹಗಲೂ ಇರುಳೂ ಆಮ್ಲಜನಕ. ಮನೆಯಲ್ಲಿ ಹೊಗೆ ಇರಬಾರದು. ಧೂಳು ಇರಬಾರದು. ಪ್ರಾಣಿ ಇದೆಯಾ ಅಂದರು. ಇದೆ ಅಂದೆ. ಯಾವುದು ಅಂದರು. ಹೇಳಿದೆ. ಪೆನ್ನು ಕೆಳಗಿಟ್ಟರು.

ಕೆಟ್ಟ ಮನುಷ್ಯರಲ್ಲ. ಗೂಡಿನ ಧೂಳು, ಉಚ್ಚೆಯ ವಾಸನೆ, ರೋಮ — ಉಳಿದಿರೋ ಇಷ್ಟು ಶ್ವಾಸಕೋಶಕ್ಕೆ ಇದು ಯಾವುದೂ ಆಗಲ್ಲ ಅಂತ ಸಮಾಧಾನವಾಗೇ ವಿವರಿಸಿದರು. ಒಂದೋ ಅಣ್ಣ, ಇಲ್ಲಾ ಇಲಿ ಅಂತ ಅವರು ಹೇಳಲಿಲ್ಲ. ನಾನೇ ಹೇಳಿಕೊಂಡೆ ಬಸ್ಸಲ್ಲಿ.

ಉಳಿದಿರೋದು ನಾಲ್ಕೇ. ಬಿಲ್ಬೆರಿ, ಕ್ವಿನ್ಸ್, ಹಾ, ಮುದುಕಿ ಸ್ಲೋ.

ಮಂಗಳವಾರ, ನವೆಂಬರ್ 16

ಮಿಸ್ ಗಿಲ್‌ಕ್ರಿಸ್ಟ್ ಬಂದು ನಾಲ್ಕನ್ನೂ ನೋಡಿದಳು. ಬೇಕಾದರೆ ನೋವಿಲ್ಲದೆ ಶಾಶ್ವತವಾಗಿ ಮಲಗಿಸ್ತೀನಿ, ತಪ್ಪೇನಲ್ಲ, ಅಂದಳು. ಆದರೆ ಬಿಲ್ಬೆರಿಯ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಇವಳು ಇನ್ನೂ ಹೋಗೋ ಮನಸ್ಸು ಮಾಡಿಲ್ಲ, ಅಂತಲೂ ಅಂದಳು.

ಡಗ್ಲಸ್‌ಗೆ ಕೊಡೋ ಹಾಗಿಲ್ಲ. ಅವನ ಶುದ್ಧ ಕೊಟ್ಟಿಗೆಗೆ ಬೆಂಕಿ ಇಟ್ಟ ಹಾಗೆ. ಇಲಿ ಕ್ಲಬ್ಬಿನ ಉಳಿದವರೆಲ್ಲ ಈಗಷ್ಟೇ ಔಷಧ ನಿಲ್ಲಿಸಿ, ಇನ್ನು ಚೇತರಿಸಿಕೊಳ್ಳೋದರಲ್ಲಿದ್ದಾರೆ. ಯಾರ ಮನೆಗೂ ಈ ಉಸಿರು ಕಳಿಸೋ ಹಾಗಿಲ್ಲ.

ಒಂದು ಮನೆ ಬಿಟ್ಟು. ಅಲ್ಲಿಂದ ಬಂದದ್ದೇ ಇದು. ಅಲ್ಲಿಗೆ ಹೋದರೆ ಹೊಸದಾಗಿ ಯಾರಿಗೂ ಏನೂ ತಗಲೋಕಿಲ್ಲ.

ಆಗಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ವಿಲ್ಫ್‌ಗೆ ಡಾಕ್ಟರ ಮಾತನ್ನ ನರ್ಸು ಹೇಳಿಬಿಟ್ಟಿದ್ದಳು. ಈಗ ಸ್ವಲ್ಪ ಸ್ವಲ್ಪ ಮಾತಾಡ್ತಾನೆ, ಎರಡು ಪದಕ್ಕೊಂದು ಉಸಿರು.

"ನನ್ನ ಹೆಸರಲ್ಲಿ... ಅವನ್ನ ಸಾಯಿಸ್ಬೇಡ."

ಮತ್ತೇನು ಮಾಡಲಿ ಅಂದೆ. ಸಿಟ್ಟಿನಿಂದಲೇ ಅಂದೆ.

"ಥೆಲ್ಮಾಗೆ... ಫೋನ್ ಮಾಡು."

ಅವಳ ಹೆಸರು ಎತ್ತಬೇಡ ಅಂದೆ. ಕಣ್ಣು ಮುಚ್ಚಿಕೊಂಡು ಉಸಿರು ಕೂಡಿಸಿಕೊಂಡ. ಮಾತು ಮುಗಿಯಿತು ಅಂದುಕೊಂಡೆ. ಇಲ್ಲ.

"ಗಿರಣೀಲಿ... ಧೂಳು ಇದೆ ಅಂತ... ಮಾಲೀಕರಿಗೆ ಗೊತ್ತಿತ್ತು ಹೆಟ್ಟಿ. ಲೆಕ್ಕ ಹಾಕಿ... ಸುಮ್ನಿದ್ರು. ಥೆಲ್ಮಾ... ಅಂಥವಳಲ್ಲ. ಅವಳು... ವಾಸಿ ಆಯ್ತು ಅಂತ... ನಂಬ್ಬಿಟ್ಳು. ನಾನೂ... ಎಷ್ಟು ಸಲ... ನಂಬಿದೀನಿ."

ಬುಧವಾರ, ನವೆಂಬರ್ 17

ಬೆಳಿಗ್ಗೆ ಮೂರು ಸಲ ರಿಸೀವರ್ ಎತ್ತಿ ಇಟ್ಟೆ. ನಾಲ್ಕನೇ ಸಲ ನಂಬರು ತಿರುಗಿಸಿದೆ. ನಾನು ಹೆಸರು ಹೇಳಿದೆ. ವಿಲ್ಫ್ ವಿಷಯ ಹೇಳಿದೆ, ನಾಲ್ಕರ ವಿಷಯ ಹೇಳಿದೆ. ಕೇಳ್ತೀನಿ ಅಂತ ಹೊರಟವಳಿಗೆ ಕೇಳೋ ಮಾತೇ ಬರಲಿಲ್ಲ.

"ಎಷ್ಟು ಗಂಟೆಗೆ ಬರ್ಲಿ?" ಅಂದಳು.

ಮಧ್ಯಾಹ್ನ ಬಂದಳು. ಅವಳ ಅಳಿಯನ ವ್ಯಾನಿನಲ್ಲಿ. ಎಷ್ಟು ಸೊರಗಿದ್ದಾಳೆ. ಹಿಂದಿನ ಕೋಣೆಗೆ ಹತ್ತಿ ಬಾಗಿಲಲ್ಲೇ ನಿಂತಳು. ಖಾಲಿ ಗೂಡುಗಳು ಸಾಲಾಗಿ, ಬಾಗಿಲು ತೆರೆದುಕೊಂಡು. ಒಂದೊಂದನ್ನೂ ನೋಡಿದಳು. ಯಾವುದರಲ್ಲಿ ಯಾರಿದ್ದರು ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ.

ಕ್ಷಮಿಸು ಅನ್ನಲಿಲ್ಲ. ಅಂದಿದ್ದರೆ ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ. ಕೆನೆಬಣ್ಣದವನು ಹೋಗಿ ವಾರದ ಮೇಲಾಯಿತಂತೆ. ಹೆಚ್ಚಿನವು ಹೋದವಂತೆ. ಬಟ್ಟಲು ಎತ್ತಿಡ್ತಾ ಹೇಳಿದಳು, ಬೇರೆ ಯಾರದೋ ಮನೆ ಸುದ್ದಿ ಹೇಳೋ ಹಾಗೆ.

ಬಿಲ್ಬೆರಿಯನ್ನು ನಾನೇ ಎತ್ತಿ ಕೊಟ್ಟೆ. ಥೆಲ್ಮಾ ಕಿವಿಗೆ ಹಿಡಿದಳು. ಕೇಳಿದಳು. ಬಹಳ ಹೊತ್ತು.

"ಎಡಗಡೆ ಕೆಳಗೆ," ಅಂದಳು.

"ಹೂಂ. ಅಲ್ಲೇ."

ಬ್ರೆಡ್ ಡಬ್ಬಿ, ಮಿಷನ್, ಕೊಳವೆ ಎಲ್ಲ ವ್ಯಾನಿಗೆ ಹಾಕಿದೆವು. ವಿಲ್ಫ್‌ಗೆ ಆಸ್ಪತ್ರೆಯವರು ಹೊಸ ಮಿಷನ್ ಕೊಡ್ತಾರೆ. ಹಳೇದನ್ನ ವಾಪಸ್ ಕೇಳಿದರೆ ಆಗ ನೋಡಿಕೊಳ್ಳೋಣ. ಕ್ವಿನ್ಸ್‌ಗೆ ತಲೆ ವಾಲಿರೋದರಿಂದ ಬಟ್ಟಲು ಎತ್ತರದಲ್ಲಿ ಇಡಬೇಡ ಅಂದೆ. ಗೊತ್ತು ಅಂದಳು. ಸ್ಲೋಗೆ ಬಾಳೆಹಣ್ಣು ಸೇರಲ್ಲ, ಜಾಮಲ್ಲಿ ಕೊಡು ಅಂದೆ. ಗೊತ್ತು ಕಣೇ, ಅಂದಳು.

ವ್ಯಾನು ಹೋದ ಮೇಲೆ ಹಿಂದಿನ ಕೋಣೆಯನ್ನ ಒಗೆಯೋ ಸೋಡಾ ಹಾಕಿ ತಿಕ್ಕಿದೆ. ಗೋಡೆ, ನೆಲ, ಕಿಟಕಿ ಚೌಕಟ್ಟು. ಪರದೆ ಒಗೆದೆ. ಏನೂ ವಾಸನೆ ಇಲ್ಲ ಈಗ. ಏನೂ ಸದ್ದೂ ಇಲ್ಲ.

ಶನಿವಾರ, ನವೆಂಬರ್ 20

ವಿಲ್ಫ್ ಬಂದಿದ್ದಾನೆ. ಮುಂದಿನ ಕೋಣೆಯಲ್ಲಿ ಮಂಚ. ಆಮ್ಲಜನಕದ ಪೆಟ್ಟಿಗೆ ಫ್ರಿಜ್ಜಿನ ಹಾಗೆ ಗುಂಯ್ ಅನ್ನುತ್ತೆ. ಮೂಗಿಗೆ ಸಣ್ಣ ನಳಿಕೆ. ಸೂರಿನ ಕಡೆ ಒಮ್ಮೆ ನೋಡಿದ, ಊರುಗೋಲು ಮುಟ್ಟಲಿಲ್ಲ.

ಸೂಪು ಪೂರ್ತಿ ಕುಡಿದ. ಮನೆ ಬಹಳ ಚೊಕ್ಕಟ ಆಗಿದೆ, ಚೆನ್ನಾಗಿಲ್ಲ, ಅಂದ.

ಥೆಲ್ಮಾ ಫೋನು ಮಾಡಿಲ್ಲ. ಮಾಡಬೇಡ ಅಂದವಳು ನಾನೇ ತಾನೆ.

ಭಾನುವಾರ, ನವೆಂಬರ್ 21

ಮಧ್ಯಾಹ್ನ ಊಟದ ತಟ್ಟೆ ತೊಳೆಯುವಾಗ ಫೋನು. ಕೈ ಒರೆಸಿಕೊಂಡು ಎತ್ತಿ ಹಲೋ ಅಂದೆ. ಉತ್ತರ ಇಲ್ಲ. ಥೆಲ್ಮಾ? ಅಂದೆ. ಅದಕ್ಕೂ ಇಲ್ಲ. ಇಡಬೇಕು ಅನ್ನುವಷ್ಟರಲ್ಲಿ ಏನೋ ಕೇಳಿಸಿತು. ಮೀಸೆ ರಿಸೀವರಿಗೆ ಸವರಿದ ಸದ್ದು, ಸಣ್ಣಗೆ, ಕಾಗದ ಗೀಚಿದ ಹಾಗೆ. ಆಮೇಲೆ ಉಸಿರು.

ರಿಸೀವರನ್ನ ಬಿಲ್ಬೆರಿಯ ಪಕ್ಕೆಗೇ ಒತ್ತಿ ಹಿಡಿದಿದ್ದಳು ಥೆಲ್ಮಾ. ಅವಳದೇ. ನಂಗೆ ಗೊತ್ತಾಗಲ್ವಾ?

ಕುರ್ಚಿ ಎಳೆದು ಕೂತೆ. ಒಳಕ್ಕೆ, ಹೊರಕ್ಕೆ. ಗೊರಗೊರ ಇದೆ, ಇಲ್ಲ ಅನ್ನಲಾರೆ. ಆದರೆ ಕೊನೆಯ ಆ ಸಿಳ್ಳು — ಕಾದೆ, ಮತ್ತೆ ಕಾದೆ — ಇರಲಿಲ್ಲ. ಆಚೆ ತುದಿಯಲ್ಲಿ ಥೆಲ್ಮಾ ಕೂಡ ಉಸಿರು ಬಿಗಿಹಿಡಿದು ಕಾಯುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು.

ವಿಲ್ಫ್ ಮಂಚದಿಂದ ಕೈ ಆಡಿಸಿದ. ಯಾರದು? ಏನಂತೆ?

ಮಾತಾಡಬೇಡ ಅಂತ ಸನ್ನೆ ಮಾಡಿದೆ. ಫೋನಿನ ತಂತಿ ಎಳೆದುಕೊಂಡು ಹೋಗಿ, ಅವನ ಕಿವಿಗೂ ಹಿಡಿದೆ.